ಇಳಿದವನೇ ಹೇಳಬೇಕು

ನಾನು ಕೆಲಸ ಮಾಡುವುದು ತುರುವೇಕೆರೆ ಕಡೆಯ ಒಂದು ವಿದ್ಯುತ್ ಸ್ಟೇಷನ್ನಿನಲ್ಲಿ. ಹಳ್ಳಿಗಳಿಗೆ ಹೋಗುವ ಲೈನುಗಳನ್ನು ಹೊತ್ತಿಗೆ ಸರಿಯಾಗಿ ಆನ್ ಮಾಡುವುದು, ಆಫ್ ಮಾಡುವುದು. ಹೆಣ್ಣು ನೋಡಲು ಹೋದಾಗ ನಾನು ಪೂರ್ತಿ ಸರ್ಕಾರಿ ನೌಕರನಾಗಿದ್ದೆ. ಹಳೇ ಪಿಂಚಣಿ ಕೊಡಿ ಎಂದು ಕೇಳಿದಾಗ ಮಾತ್ರ, "ನಿಮ್ದು ಕಂಪನಿ ಅಲ್ವೇನ್ರೀ" ಎನ್ನುತ್ತಾರೆ. ಪಾಳಿಗೆ ಇಬ್ಬರಿರಬೇಕಾದ ಕಡೆ ಒಬ್ಬನೇ ಇದ್ದೇನೆ. ಇನ್ನೊಂದು ಹುದ್ದೆ ಖಾಲಿ ಬಿದ್ದು ಎಷ್ಟು ಕಾಲವಾಯಿತೆಂದರೆ, ಆ ಕುರ್ಚಿಯ ಮೇಲೆ ನನ್ನ ಊಟದ ಡಬ್ಬಿ, ಬಿಪಿ ಮಾತ್ರೆಗಳು ಕಾಯಂ ಆಗಿವೆ.

ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವ ಜಾತಿ ನಾನು. ಅಂಥವನ ಕೈಗೆ ಹನ್ನೊಂದು ಸಾವಿರ ವೋಲ್ಟಿನ ಸ್ವಿಚ್ಚು ಕೊಟ್ಟವರ ಧೈರ್ಯ ಮೆಚ್ಚಬೇಕು.

ಈ ಬೇಸಿಗೆಯ ಒಂದು ಬೆಳಿಗ್ಗೆ ಲೈನ್‌ಮ್ಯಾನ್ ಫೋನ್ ಮಾಡಿದ. ವಿಜಯಪುರದ ಕಡೆಯವನು. ಊರಿಗೆ ವರ್ಗ ಕೇಳಿ ಕೇಳಿ ಸಾಕಾಗಿ, ಈಗ ನಮ್ಮ ಹಸಿಕಾಯಿ ಚಟ್ನಿಗೆ ಒಗ್ಗಿಕೊಂಡಿದ್ದಾನೆ. ಇಬ್ಬರು ಮಾಡಬೇಕಾದ ಕೆಲಸ ಅವನದೂ.

"ಸರ್ರ, ತೆಂಗಿನ ಗರಿ ತಂತಿ ಮ್ಯಾಲ ಬಿದ್ದೈತ್ರಿ. ಎಲ್‌ಸಿ ಕೊಡ್ರಿ."

ಎಲ್‌ಸಿ ಎಂದರೆ ಅವನ ಹೆಸರಿನಲ್ಲಿ ಲೈನು ಆಫ್ ಮಾಡಿ ಕೊಡುವುದು. ತೆಗೆದುಕೊಂಡವನೇ ಕಂಬದಿಂದ ಇಳಿದು ವಾಪಸ್ ಎನ್ನುವ ತನಕ ಯಾರು ಹೇಳಿದರೂ ಆನ್ ಮಾಡುವಂತಿಲ್ಲ. ಮಾಡಿದರೆ, ಮೇಲಿದ್ದವನು ಮೇಲೇ ಹೋಗುತ್ತಾನೆ.

ಆಫ್ ಮಾಡಿ, ಅವನ ಹೆಸರಿಗೆ ಬರೆದು ಕೊಟ್ಟೆ. ಸ್ವಲ್ಪ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. "ಸಾ, ಗರಿ ತೆಗ್ದಾಯ್ತು, ಕರೆಂಟ್ ಬುಡಿ."

"ಲೈನ್‌ಮ್ಯಾನ್ ಕೈಗೆ ಫೋನ್ ಕೊಡಪ್ಪ."

"ಅವ್ನು ಇಳ್ದು ಆಗ್ಲೇ ಹೋದ ಕಣ್ ಸಾ. ನಾನೇ ಕಣ್ಣಾರೆ ನೋಡ್ದೆ."

ಲೈನ್‌ಮ್ಯಾನ್‌ಗೆ ಫೋನ್ ಮಾಡಿದೆ. ಸ್ವಿಚ್ಡ್ ಆಫ್. ಇನ್ನೊಮ್ಮೆ ಮಾಡಿದೆ. ಆ ಲೈನಿನಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಇರುವುದು ಮಧ್ಯಾಹ್ನದ ತನಕ ಮಾತ್ರ. ಹೊತ್ತು ಜಾರಿದರೆ ಎಲ್ಲರ ತೋಟಕ್ಕೂ ಆವತ್ತಿನ ನೀರು ಹೋಯ್ತು. ಎಲ್ಲರ ಎಂದರೆ ನಮ್ಮದೂ. ಹೆಂಡತಿಯ ಫೋನ್ ಬಂತು.

"ಏನ್ರೀ, ನೀವೇ ಅಲ್ಲಿ ಕೂತ್ಕಂಡು ನಮ್ಮ ಮೋಟ್ರಿಗೇ ಕರೆಂಟ್ ಇಲ್ವಲ್ರೀ. ಅಕ್ಕಪಕ್ಕದೋರು ನನ್ನ ಮುಖ ನೋಡ್ತಾವ್ರೆ."

"ಒಬ್ಬ ಕಂಬದ ಮೇಲಿದಾನೆ ಕಣೇ."

"ಇದಾನೋ, ಇರ್ಬೋದೋ?"

ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ನನ್ನ ರೋಗ ಗೊತ್ತು. ಫೋನ್ ಇಟ್ಟುಬಿಟ್ಟೆ. ಮರುಕ್ಷಣ ಸಾಹೇಬರ ಕರೆ. ಅವರಿಗೆ ಮೇಲಿನಿಂದ ಯಾರೋ ಫೋನ್ ಮಾಡಿದ್ದರಂತೆ.

"ಕೆಲ್ಸ ಮುಗ್ದಿದ್ರೆ ಕೊಡ್ರೀ, ಯಾಕ್ ತಡ?"

"ಕೊಡ್ಲಾ ಸಾರ್? ನೀವು ಹೇಳಿದ್ರಿ ಅಂತ ಬರ್ಕೊಳ್ಲಾ?"

"ನಾನೆಲ್ಲಿ ಹೇಳ್ದೆ? ಮುಗ್ದಿದ್ರೆ ಅಂದೆ." ಅವರು ಸುಮ್ಮನೆ ಸಾಹೇಬರಾದವರಲ್ಲ.

ಹೋಗಿ ನೋಡೋಣವೆಂದರೆ ಸ್ಟೇಷನ್ ಬಿಡುವಂತಿಲ್ಲ. ಯಾರನ್ನಾದರೂ ಕಳಿಸೋಣವೆಂದರೆ ಇದ್ದದ್ದು ಡಬ್ಬಿ ಇಟ್ಟ ಕುರ್ಚಿ. ಬಾಗಿಲಿಗೂ ಮೇಜಿಗೂ ಓಡಾಡುತ್ತಿದ್ದಾಗ ಬೈಕಿನಲ್ಲಿ ಇಬ್ಬರು ರೈತರು ಬಂದಿಳಿದರು, ಒಬ್ಬರು ವಯಸ್ಸಾದವರು, ಇನ್ನೊಬ್ಬ ಅವರ ಅಳಿಯ.

"ಏನ್ ಸಾ, ಕರೆಂಟ್ ನಿಮ್ಮಪ್ಪನ ಮನೆಯಿಂದ ತರ್ಬೇಕಾ? ಸಸಿ ಸುಟ್ಟೋಗ್ತಾ ಅವೆ!" ಎಂದರು ಹಿರಿಯರು.

"ಲೈನ್‌ಮ್ಯಾನ್ ಹೇಳದೆ ಕೊಡಕ್ಕಾಗಲ್ಲ ಯಜಮಾನ್ರೇ. ನಿಮ್ಮ ಅಳಿಯಂದ್ರು ಹೋಗಿ ಅವನನ್ನ ಕರ್ಕಂಡ್ ಬರ್ಲಿ. ಬಂದ ತಕ್ಷಣ ಕೊಡ್ತೀನಿ."

"ಸಂಬ್ಳ ನಿಮ್ಗೆ, ಪೆಟ್ರೋಲ್ ನಮ್ದು," ಎಂದು ಗೊಣಗುತ್ತಲೇ ಅಳಿಯ ಹೋದ. ಮಾವ ನನ್ನ ಡಬ್ಬಿ ಎತ್ತಿ ಮೇಜಿನ ಮೇಲಿಟ್ಟು, ಆ ಕುರ್ಚಿಯಲ್ಲಿ ಕೂತು, ಸರ್ಕಾರದಿಂದ ಶುರುಮಾಡಿ ನನ್ನ ಬಕ್ಕತಲೆಯವರೆಗೆ ಬೈದರು. ಬೈಗುಳಕ್ಕೆ ನನಗೆ ಬೇಜಾರಿರಲಿಲ್ಲ. ಲೈನ್‌ಮ್ಯಾನ್ ನಿಜಕ್ಕೂ ಇಳಿದು ಎಲ್ಲೋ ಟೀ ಕುಡಿಯುತ್ತಿದ್ದರೆ? ಒಂದು ಊರಿನ ನೀರನ್ನು ನನ್ನ ಪುಕ್ಕಲುತನ ನಿಲ್ಲಿಸಿತು ಅಂತಾಗುತ್ತದೆ. ಎರಡು ಸಲ ಎದ್ದು ಸ್ವಿಚ್ಚಿನ ಹತ್ತಿರ ಹೋದೆ. ಎರಡು ಸಲವೂ ಬಂದು ಕೂತೆ.

ಬೈಕಿನ ಸದ್ದಾಯಿತು. ಅಳಿಯನ ಹಿಂದೆ ಲೈನ್‌ಮ್ಯಾನ್ ಕೂತಿದ್ದ, ಅಂಗಿಯೆಲ್ಲ ಬೆವರು.

"ಗರಿ ತೆಗೆದು ಇಳಿದಿದ್ದೆ ಸರ್ರ. ತೋಟದಾಚಿ ಕಂಬದಾಗ ತಂತಿ ಸಡಿಲ ಕಾಣ್ತು, ಎಲ್‌ಸಿ ಹೆಂಗೂ ಐತಲ್ಲ ಅಂತ ಅದನ್ನೂ ಹತ್ತಿದೆ. ಫೋನು ಜಾರಿ ಕಾಲಿವ್ಯಾಗ ಬಿತ್ತು. ಇವ್ರು ಬಂದು ಕರದಾಗ ಮ್ಯಾಲೇ ಇದ್ದೆ."

"ಕರೆಂಟ್ ಬಂದ್ಬಿಟ್ಟಿದ್ರೆ?"

"ನಿಮಗ ಅಂಜಿಕಿ ಭಾಳ ಅಂತ ಗೊತ್ತೈತಲ್ರಿ. ಸಾವಕಾಶ ಬಿಗಿ ಮಾಡಿದೆ."

ಕುರ್ಚಿಯಲ್ಲಿದ್ದ ಯಜಮಾನರು ಅವನನ್ನು ತಲೆಯಿಂದ ಕಾಲಿನ ತನಕ ನೋಡಿದರು. "ಊಟ ಮಾಡಿದ್ಯೇನ್ಲಾ?" ಎಂದು ಕೇಳಿ, ನನ್ನ ಕಡೆ ತಿರುಗಿ, "ಈಗಾದ್ರೂ ಬುಡಿ ಸಾ, ಇನ್ನೊಂದ್ ಚೂರು ಹೊತ್ತೈತೆ," ಎಂದರು.

ನಾನೆದ್ದೆ. "ಮೇಲೆ ಇನ್ಯಾರಾದ್ರೂ ಇದಾರಾ?"

"ಯಾರದಾರ್ರಿ? ನಾ ಒಬ್ನ ಅಲ್ರಿ ಇರಾಂವ."

"ನೀನು ಇಳಿದಿದ್ದೀಯಾ?"

"ನಿಮ್ಮ ಮುಂದ ನಿಂತೀನಲ್ರಿ!"

"ಬಾಯಲ್ಲಿ ಹೇಳಪ್ಪ."

ಅಳಿಯ ಕಿಸಕ್ಕನೆ ನಕ್ಕ. ಲೈನ್‌ಮ್ಯಾನ್ ನಗಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಇಳಿದೀನ್ರಿ. ಎಲ್‌ಸಿ ವಾಪಸ್," ಎಂದ.

ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಆನ್ ಮಾಡುವ ಮುಂಚೆ ಇನ್ನೊಮ್ಮೆ ತಿರುಗಿ ಅವನನ್ನು ನೋಡಿದೆ.