ಯಂಕಣ್ಣನಿಗೆ ಕಣ್ಣು ಬಂದಿದ್ದವು

ನಿಜಾಮನ ಆಳ್ವಿಕೆ ಮುಗಿದು ಸುರಪುರದ ನಮ್ಮ ಕಚೇರಿಗೆ ಹೊಸ ಬೋರ್ಡು ಬಿದ್ದ ವರ್ಷವೇ ಚಪರಾಸಿ ಯಂಕಣ್ಣನ ಎಡಗಣ್ಣಿಗೆ ಹೂ ಬಿದ್ದು, ಆ ಕಣ್ಣು ಕಾಣದಾಯಿತು. ಹಳೆಯ ನೌಕರರಲ್ಲಿ ಯಾರನ್ನು ಇಡಬೇಕು, ಯಾರನ್ನು ಬಿಡಬೇಕು ಎಂದು ಪಟ್ಟಿ ಮಾಡುತ್ತಿದ್ದ ಕಾಲ ಅದು. ಒಕ್ಕಣ್ಣನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವನು ಯಾದಗಿರಿಗೆ ಹೋಗಿ ಇಸ್ಮಾಯಿಲಸಾಬನ ಅಂಗಡಿಯಿಂದ ಕರಿ ಚಸ್ಮಾ ತಂದು ಹಾಕಿಕೊಂಡ. ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ: ಅವನ ಹೆಂಡತಿ ಅಮೃತಮ್ಮನಿಗೆ, ಜೊತೆಯ ಚಪರಾಸಿಯಾದ ನನಗೆ.

ಆಗ ನಮ್ಮ ಕಡೆ ಕರಿ ಚಸ್ಮಾ ಎಂದರೆ ಕಣ್ಣುಬೇನೆ, ಅಷ್ಟೇ. ಕಣ್ಣು ಕೆಂಪಾಗಿ ನೀರು ಸುರಿದರೆ 'ಕಣ್ಣು ಬಂದಾವ' ಅನ್ನುವ ಊರು ನಮ್ಮದು.

"ಯಾಕಲೇ ಯಂಕ್ಯಾ, ಕಣ್ಣ ಬಂದಾವೇನು?"

"ಹೂಂರಿ, ಬಂದಾವ್ರಿ."

ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಂಟುಬೇನೆಯಲ್ಲವೇ! ಸಾಹೇಬರು ಆರಾರು ತಿಂಗಳಿಗೆ ಬದಲಾಗುತ್ತಿದ್ದರು, ಹೊಸಬರಿಗೂ ಅದೇ ಉತ್ತರ. ಹೀಗೆ ಮೂರು ವರ್ಷ. ಬಂದ ಕಣ್ಣು ಹೋಗಲಿಲ್ಲ, ಹೋದ ಕಣ್ಣು ಬರಲಿಲ್ಲ.

ಕೆಡಿಸಿದವನು ನಾನು. ಸುಳ್ಳು ಯಾಕೆ ಹೇಳಲಿ, ಆ ಚಸ್ಮಾ ಅವನ ಮುಖಕ್ಕೆ ಒಪ್ಪಿತ್ತು, ನನಗೆ ಹೊಟ್ಟೆಕಿಚ್ಚು. ಗಡಗಡ ನಡುಗುವ ಚಳಿಗಾಲದಲ್ಲಿ ನಾನೂ ಒಂದು ತಂದೆ. ಬಜಾರಿನಲ್ಲಿ ಜನ ತಿರುಗಿ ತಿರುಗಿ ನೋಡಿದರು. ಆಮೇಲೆ ಟಪಾಲಿನ ದುರಗಪ್ಪ ತಂದ, ಮೋಟಾರು ಓಡಿಸುವ ಬಾಷುಮಿಯಾ ತಂದ. ಸಗರದಿಂದ ಹೆಣ್ಣು ನೋಡಲು ಬಂದ ವರನೊಬ್ಬ ಜಿಟಿಜಿಟಿ ಮಳೆಯಲ್ಲೂ ಅದನ್ನು ತೆಗೆಯಲಿಲ್ಲ. ವರ್ಷ ತುಂಬುವುದರೊಳಗೆ ಬೇನೆ ಹೋಗಿ ಶೋಕಿಯಾಯಿತು. ಹಾಳಾದ ಶೋಕಿ!

ಮುಂದೆ ಬಂದ ಸಾಹೇಬರು ಮೊದಲ ದಿನವೇ ನಮ್ಮಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿದರು. "ಇದೇನು ಕಚೇರಿಯೋ, ನಾಟಕದ ಕಂಪನಿಯೋ? ಇಬ್ಬರೂ ತೆಗೀರಿ."

ನಾನು ತೆಗೆದೆ.

"ಕಣ್ಣ ಬಂದಾವ್ರಿ ಸಾಹೇಬ್ರ," ಎಂದ ಯಂಕಣ್ಣ.

"ಹಾಗಾದರೆ ಇವನಿಗೂ ಬಂದಿದ್ದವೇನು?" ಎಂದು ಅವರು ನನ್ನತ್ತ ಬೆರಳು ಮಾಡಿದರು. ನಾನು ನನ್ನ ಚಸ್ಮಾ ಜೇಬಿಗಿಳಿಸಿದೆ. ಯಂಕಣ್ಣ ಚಸ್ಮಾ ತೆಗೆದ.

ವಾರದೊಳಗೆ ಅವನ ಸೊಂಟದ ಪಟ್ಟಿ, ಹಿತ್ತಾಳೆ ಬಿಲ್ಲೆ ವಾಪಸು ತೆಗೆದುಕೊಂಡರು. ಅವನು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಮರುದಿನದಿಂದ ಬಜಾರಿನಲ್ಲಿ ಜೋಳದ ಚೀಲ ಹೊತ್ತ, ಸಾಯುವವರೆಗೂ ಹೊತ್ತ.

ಅವನು ಪಟ್ಟಿ, ಬಿಲ್ಲೆ ಕೊಟ್ಟುಬಂದ ಸಂಜೆ ನಾನು ಅವನ ಮನೆಗೆ ಹೋಗಿದ್ದೆ. ಅಮೃತಮ್ಮ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಎರಡೂ ಕಣ್ಣ ನೆಟ್ಟಗಿದ್ದವಗ ಅದು ಯಾಕ ಬೇಕಾಗಿತ್ತೋ ತಮ್ಮಾ?" ಎಂದಳು. ಆಮೇಲೆ ತಾಟಿಗೆ ರೊಟ್ಟಿ ಹಾಕಿ ನನ್ನ ಮುಂದೆ ಸರಿಸಿದಳು. ನಾನು ಉಂಡೆ.