ಅಜ್ಜಿ ಪಾವು ಕೊಯ್ದ ಬೆಳಿಗ್ಗೆ

ಬೇವಿನ ಸೊಪ್ಪೂ ಅರಿಶಿನವೂ ಹಂಡೆಯಲ್ಲಿ ಕುದಿಯುವ ವಾಸನೆ ಇದೆಯಲ್ಲ, ಅದು ಹತ್ತು ದಿನದಿಂದ ನನ್ನ ಮನೆ ತುಂಬಿದೆ. ಮೊಮ್ಮಗಳು ಹುಟ್ಟಿದ್ದಾಳೆ! ನಲವತ್ತಮೂರಕ್ಕೇ ಅಜ್ಜಿಯಾದಳೆಂದು ಬೀದಿಯವರು ನಗುತ್ತಾರೆ, ನಗಲಿ. ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿದ್ದೇನೆ, ಟೌನ್ ಬಸ್ಸಿನ ಕಂಡಕ್ಟರನ್ನೂ ಬಿಟ್ಟಿಲ್ಲ. ಬಾಣಂತಿ ಮಗಳು ಮಾತ್ರ, "ಮಗು ಅಳ್ತೈತೆ, ನಂಗೆ ನೀರು ಆಮೇಲೆ ಉಯ್ಯಮ್ಮ" ಎನ್ನುತ್ತಾಳೆ. ನಿನ್ನೆ ಹಾಗೆಂದಾಗ ರಟ್ಟೆ ಹಿಡಿದು ಎಳೆದೇಬಿಟ್ಟೆ. ಎಳೆದ ಮೇಲೆ ಹೊಳೆಯಿತು. ನನ್ನ ಅಜ್ಜಿ ಎಳೆದಂತೆಯೇ ಎಳೆದಿದ್ದೆ. ಹೋದವರು ಹೀಗೆ ನಿಮ್ಮ ಕೈಯೊಳಗೂ ಬಂದು ಕೂತದ್ದುಂಟೇ?

ಆಗ ನನಗೆ ಹತ್ತು ವರ್ಷ. ಸೇಲಂ ಊರಂಚಿನಲ್ಲಿ, ಕೆರೆಯ ಕೆಳಗೆ ನಮ್ಮ ನೇಕಾರರ ಬೀದಿ. ನಡುಮನೆಯಲ್ಲಿ ಕುಣಿಮಗ್ಗ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ನೇಯುವವರ ಕೈ ಬೀದಿಗೆಲ್ಲ ಕಾಣುತ್ತದೆ, ಕಾಲು ಯಾರಿಗೂ ಕಾಣುವುದಿಲ್ಲ. ಆ ವರ್ಷ ದೀಪಾವಳಿ ಕಳೆದು ಮಳೆ ಹಿಡಿದು, ಒಂದು ಮಧ್ಯಾಹ್ನ ಕೆರೆ ಏರಿ ಒಡೆಯಿತು. ನೀರು ಬಂತು ಅನ್ನಲಾರೆ, ಹೊಡೆಯಿತು. ಬಾಗಿಲು ಸೀಳಿತು, ಒರಳುಕಲ್ಲು ಉರುಳಿತು, ಎದುರುಮನೆಯ ಸತ್ತ ಎಮ್ಮೆ ತೇಲಿಬಂದು ನಮ್ಮ ಗೋಡೆಗೆ ಗುದ್ದಿ ಗುದ್ದಿ ಗೋಡೆಯನ್ನೇ ಕೆಡವಿತು. ಮಗ್ಗಕ್ಕೆ ಹೂಡಿದ ಉದ್ದನೂಲನ್ನು, ನಾವು ಪಾವು ಅನ್ನುತ್ತೇವೆ, ಎತ್ತಿ ತೊಲೆಗೆ ಕಟ್ಟುತ್ತಿದ್ದ ಅಪ್ಪನ ಬಲಗೈ ಆ ಗೋಡೆಯಡಿ ಮುರಿಯಿತು. ಅಮ್ಮ ನಮ್ಮನ್ನೆಲ್ಲ ಎಳೆದುಕೊಂಡು, ಮುರಿದ ತಗಡುಗಳನ್ನು ತುಳಿಯುತ್ತ, ಮೇಲಿನ ಬೀದಿಗೆ ಸೇರಿಸಿದಳು.

ನೀರು ಇಳಿದ ಮೇಲೆ ಅಮ್ಮ ಎಲ್ಲರಿಗೂ ತಾಯಿಯಾದಳು, ತನ್ನೊಬ್ಬಳನ್ನು ಬಿಟ್ಟು. ಅಪ್ಪನ ಕೈಗೆ ಕಟ್ಟು, ಕಣ್ಣು ಮಂಜಾದ ಅಜ್ಜಿಗೆ ಗಂಜಿ, ನನಗೆ ಯಾರದೋ ಒಣ ಲಂಗ. ನೆಂದ ಪಾವು ಹಾಗೇ ನಿಂತರೆ ಅದಕ್ಕೆ ಕುಡಿಸಿದ ಗಂಜಿ ಹುಳಿತು ನೂಲು ಕೊಳೆಯುತ್ತದೆ. ಅದಕ್ಕೇ ಕುಣಿಯ ಕೆಸರನ್ನು ಕೊಡದಲ್ಲಿ ಎತ್ತಿಹಾಕಿ, ಪಾವನ್ನು ಮತ್ತೆ ಮಗ್ಗಕ್ಕೆ ಬಿಗಿದು, ಪಾದ ಮುಳುಗುವಷ್ಟು ಕೊಳೆನೀರು ಇರುವಾಗಲೇ ಇಳಿದು ನೇಯಲು ಕೂತಳು. ಮೂರು ದಿನ ತಲೆ ಎಣ್ಣೆ ಕಾಣಲಿಲ್ಲ, ಮೈ ನೀರು ಕಾಣಲಿಲ್ಲ. ಅಜ್ಜಿ ರಾಟೆ ತಿರುಗಿಸುತ್ತ, "ಓಮಲೂರೋಳ್ಗೆ ಕೈ ಓಡ್ತದೆ, ಬುದ್ದಿ ಓಡಲ್ಲ" ಎಂದು ಎಂದಿನಂತೆ ತವರೂರು ಎತ್ತಿ ಸೊಸೆಯನ್ನು ಚುಚ್ಚುತ್ತಿದ್ದಳು. ನಾಲ್ಕನೆಯ ಬೆಳಿಗ್ಗೆ ರಾಟೆ ತಟ್ಟನೆ ನಿಂತಿತು.

"ಲೇ, ಎಡಗಾಲ್ಗೆ ಏನಾತು?"

"ಏನೂ ಇಲ್ಲ ಅತ್ತೆ."

"ಮಗ್ಗದ ಸದ್ದು ಕುಂಟ್ತಾ ಐತೆ. ಮೇಲಕ್ಕೆ ಬಾ."

"ಇನ್ನೆರಡು ಮೊಳ ಐತೆ, ಮುಗಿಸ್ಬುಟ್ಟು ಬತ್ತೀನಿ."

ಅಜ್ಜಿ ಗೋಡೆ ತಡವುತ್ತ ಅಡುಗೆಮನೆಗೆ ಹೋದಳು. ಬಂದಾಗ ಕೈಯಲ್ಲಿ ಬಾಳೆಕಾಯಿ ಕೊಯ್ಯುವ ಕತ್ತಿ. ಬೆರಳಲ್ಲಿ ಪಾವನ್ನು ಮುಟ್ಟಿ ನೋಡಿ ಕತ್ತಿಯನ್ನು ಅಡ್ಡಲಾಗಿ ಎಳೆದೇಬಿಟ್ಟಳು. ಹೂಡಿದ ಪಾವನ್ನು ನಡುವೆ ಕೊಯ್ಯುವುದೆಂದರೆ ನಮ್ಮವರಲ್ಲಿ ತೊಟ್ಟಿಲ ಮಗುವಿನ ಮೇಲೆ ಕತ್ತಿ ಎತ್ತಿದ ಹಾಗೆ. ಬಿಗಿದ ಎಳೆಗಳು ಚಟಚಟನೆ ಸಿಡಿದು ಅಮ್ಮನ ಮುಖಕ್ಕೆ ಬಡಿದವು. ಅಪ್ಪ "ಅಯ್ಯೋ ಕಡವುಳೇ!" ಎಂದು ದೇವರನ್ನು ಕೂಗಿ ತಲೆ ಚಚ್ಚಿಕೊಂಡ. ಅಮ್ಮ ಕಿರುಚಿ ಅಜ್ಜಿಯ ಎದೆಗೆ ಗುದ್ದಿದಳು. ಅಜ್ಜಿ ಅವಳ ಕೆನ್ನೆಗೆ ಎರಡು ಬಾರಿಸಿ, ಜುಟ್ಟು ಹಿಡಿದು ಕುಣಿಯಿಂದ ಹೊರಕ್ಕೆ ದರದರ ಎಳೆದಳು. ಆಗ ಕಾಲು ಕಂಡಿತು. ಮೊಣಕಾಲವರೆಗೆ ಬಾತು, ತಗಡು ಸೀಳಿದ ಪಾದ ಕರ್ರಗಾಗಿ ನಾರುತ್ತಿತ್ತು. ಅಜ್ಜಿ ಮೂಗಿನಲ್ಲೇ ಅದನ್ನು ನೋಡಿದಳು. "ಮೂದೇವಿ! ನೀನು ಓಗ್ಬುಟ್ರೆ ನಾನು ಯಾರನ್ನ ಬಯ್ಕೊಂಡು ಬದುಕ್ಲಿ?" ಎಂದು ಸೊಸೆಯನ್ನು ಅಪ್ಪಿಕೊಂಡು ಬೋರಿಟ್ಟಳು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಇನ್ನೊಂದು ದಿನ ತಡವಾಗಿದ್ದರೆ ಕಾಲೇ ಹೋಗುತ್ತಿತ್ತಂತೆ. ಗಾಯ ಮಾಯುವವರೆಗೆ ದಿನಾ ಬೇವಿನ ನೀರು ಕಾಯಿಸಿ ಅಮ್ಮನ ಮೈ ತೊಳೆದವಳು ಅಜ್ಜಿಯೇ. "ಎಲ್ರಿಗೂ ಬಡ್ಸಿ ಆಮೇಲೆ ಉಂಬ್ತೀನಿ" ಎಂದು ಅಮ್ಮ ಎದ್ದರೆ ಅಜ್ಜಿಯ ಕೈ ರಪ್ಪನೆ ಬೀಳುತ್ತಿತ್ತು. "ಮೊದ್ಲು ನಿನ್ನ ಒಟ್ಟೆ. ಆಮೇಲೆ ಊರು." ಮಧ್ಯಾಹ್ನಗಳಲ್ಲಿ ಇಬ್ಬರೂ ಎದುರುಬದುರು ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಕೊಳೆಯದೆ ಉಳಿದಿದ್ದ ಪಾವಿನ ತುಂಡಾದ ಒಂದೊಂದೇ ಎಳೆಯನ್ನು ಹೊಸೆದು ಸೇರಿಸುತ್ತಿದ್ದರು. ಬೈಗುಳ ಮಾತ್ರ ನಿಲ್ಲಲಿಲ್ಲ.

ಆ ಬೀದಿ ಈಗಿಲ್ಲ, ಕುಣಿಗೆ ಸಿಮೆಂಟು ಬಿದ್ದಿದೆ. ಅಮ್ಮನೂ ಹೋದಳು. ಅವಳನ್ನು ನೆನೆದರೆ, ಅಜ್ಜಿ ತೀರಿಕೊಂಡ ಬೆಳಿಗ್ಗೆಯೇ ಕಣ್ಣಿಗೆ ಬರುತ್ತದೆ. ಸಾವಿನ ಮನೆ, ಒಲೆ ಹಚ್ಚಿರಲಿಲ್ಲ. ಹೆಣದ ಸುತ್ತ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಅಮ್ಮ ಕುಂಟುತ್ತ ಒಳಗೆ ಹೋಗಿ, ರಾತ್ರಿಯ ತಂಗಳನ್ನ ಬಡಿಸಿಕೊಂಡು ಬಂದು ಅತ್ತೆಯ ತಲೆಯ ಹತ್ತಿರವೇ ಕೂತಳು. "ಏನಕ್ಕಾ ಇದು, ಎಣ ಎತ್ತೋಕ್ ಮುಂಚೆ?" ಎಂದು ಯಾರೋ ಗದರಿದರು. ಅಮ್ಮ ತಲೆ ಎತ್ತಲಿಲ್ಲ.

"ಉಣ್ದೆ ಇದ್ರೆ ಅತ್ತೆ ಒಡೀತಾರೆ" ಎಂದಳು.

ಅಳುತ್ತ ಅಳುತ್ತ ಒಂದಗುಳೂ ಬಿಡದೆ ಉಂಡಳು. ಆಮೇಲೆ ಕೈ ತೊಳೆದು, ಅತ್ತೆಯ ಮೈ ತೊಳೆಯಲು ಎದ್ದಳು.