ಅತ್ತೆಯ ಮೇಲೆ ತಂದ ತೀರ್ಮಾನ

ಮದುವೆಯಾಗಿ ಸೇಲಂ ಸೀಮೆಯ ನಂಗವಳ್ಳಿಯ ಪಕ್ಕದ ಹಳ್ಳಿಗೆ ಬಂದಾಗ ನನ್ನ ಬಿ.ಎ. ಮುಗಿದಿರಲಿಲ್ಲ. ಒಂದೇ ಒಂದು ಪೇಪರು ಬಾಕಿ ಇತ್ತು, ರಾಜ್ಯಾಂಗದ್ದು. ಧರ್ಮಪುರಿಯಲ್ಲಿ ಅದನ್ನು ಎರಡು ಸಲ ಬರೆದು ಎರಡು ಸಲವೂ ಮುಗ್ಗರಿಸಿದ್ದೆ. ಮುಂದಿನ ವರ್ಷದಿಂದ ಪಾಠವೇ ಬದಲಾಗುತ್ತದೆ ಅಂದಿದ್ದರು. ಈ ಸಲ ಬರೆಯದಿದ್ದರೆ ಮೂರು ವರ್ಷ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹುಣಸೆಹಣ್ಣೇನೋ ಮನೆ ತುಂಬ ಇತ್ತು. ಮಧ್ಯಾಹ್ನ ಜಗಲಿಯಲ್ಲಿ ಅತ್ತೆ ಹಣ್ಣು ಜಜ್ಜಿ ಬೀಜ ತೆಗೆಯುತ್ತ ಕೂತರೆ ನಾನೂ ಮೊರದ ಈ ಕಡೆ ಕೂರುತ್ತಿದ್ದೆ. ಪುಸ್ತಕ ತಮಿಳಿನದು. ಗಟ್ಟಿಯಾಗಿ ಓದಿ, ಅದನ್ನೇ ಕನ್ನಡದಲ್ಲಿ ಯಾರಿಗಾದರೂ ಹೇಳಿದರೆ ಮಾತ್ರ ನನ್ನ ತಲೆಗೆ ಹತ್ತುತ್ತಿತ್ತು. ಹಾಗಾಗಿ ಶಾಲೆಯ ಮೆಟ್ಟಿಲು ಹತ್ತದ ಅತ್ತೆ ನನ್ನ ಜೊತೆ ಬಿ.ಎ. ಓದತೊಡಗಿದರು, ಮತ್ತು ನನಗಿಂತ ಬೇಗ ಕಲಿತರು.

ಲೋಕಸಭೆಯಲ್ಲಿ ಹೆಚ್ಚು ಜನರ ಬೆಂಬಲ ಯಾರಿಗಿದೆಯೋ ಅವರನ್ನು ರಾಷ್ಟ್ರಪತಿ ಕರೆದು ಪ್ರಧಾನಿ ಮಾಡುತ್ತಾರೆ. ಪ್ರಧಾನಿ ಪಟ್ಟಿ ಕೊಟ್ಟ ಮೇಲೆ ಮಿಕ್ಕ ಮಂತ್ರಿಗಳನ್ನೂ ರಾಷ್ಟ್ರಪತಿಯೇ ನೇಮಿಸುತ್ತಾರೆ ಅಂದೆ.

"ಎಲ್ಲಾ ಅವರ ಎಸ್ರಲ್ಲೇ ನಡೀತೈತೆ, ಅವರು ಮಾತ್ರ ಸರಿ ಸರಿ ಅಂತಾರೆ, ಅಷ್ಟೇನಾ?" ಎಂದು ಕೇಳಿ ಅತ್ತೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮಾವನ ಕಡೆ ಗದ್ದ ತೋರಿಸಿದರು. ಮಾವ ಕಣ್ಣು ಬಿಡದೆ "ಸರಿ" ಅಂದರು.

ಚುನಾವಣೆ ಗೆಲ್ಲದವರನ್ನೂ ಮಂತ್ರಿ ಮಾಡಬಹುದು, ಆದರೆ ಆರು ತಿಂಗಳೊಳಗೆ ಸಂಸತ್ತಿನ ಸದಸ್ಯರಾಗದಿದ್ದರೆ ಮನೆಗೆ ಹೋಗಬೇಕು ಎಂದು ಹೇಳಿದ ದಿನ ಅತ್ತೆ ಬೆರಳು ಮಡಿಸಿ ನೋಡಿದರು.

"ನೀ ಬಂದು ನಾಕು ತಿಂಗ್ಳಾತು. ಇನ್ನೆರಡೈತೆ, ಉಷಾರು!"

ಆ ವರ್ಷಗಳಲ್ಲಿ ದಿಲ್ಲಿಯ ಸರ್ಕಾರಗಳಿಗೆ ಕಾಲೇ ಗಟ್ಟಿ ಇರಲಿಲ್ಲ. ರೇಡಿಯೋದ ತಮಿಳು ವಾರ್ತೆ ಬಂದಾಗಲೆಲ್ಲ ಅತ್ತೆ "ಬಿತ್ತಾ?" ಎಂದು ಕೇಳುತ್ತಿದ್ದರು, ಪಕ್ಕದ ಮನೆಯ ಗೋಡೆಯ ವಿಷಯ ವಿಚಾರಿಸಿದ ಹಾಗೆ.

ಇಷ್ಟು ಚೆನ್ನಾಗಿ ಪಾಠ ಕೇಳಿದ ಹೆಂಗಸು, ಸೇಲಂನಲ್ಲಿ ಪರೀಕ್ಷೆ ಎಂದು ಕಾಗದ ಬಂದಾಗ "ಬ್ಯಾಡ" ಅಂದುಬಿಟ್ಟರು. ಅವತ್ತೇ ಹುಣಸೆಮರ ಉದುರಿಸುವ ಆಳು ಬರುತ್ತಾರೆ, ಅಡಿಗೆ ಯಾರು ಮಾಡೋದು ಅನ್ನುವುದು ಅವರ ವಾದ. ಓರಗಿತ್ತಿ ಇದ್ದಳಲ್ಲ, ಅದು ಕಾರಣವೇ ಅಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಗಂಡನನ್ನು ಕೇಳಿದರೆ "ಅಮ್ಮನ್ನ ಕೇಳು" ಅಂದರು. ಮಾವ ಎಂದಿನಂತೆ ಸರಿ ಅಂದರು, ಆದರೆ ಯಾವುದಕ್ಕೆ ಸರಿ ಎಂದು ತಿಳಿಯಲಿಲ್ಲ.

ಪರೀಕ್ಷೆಯ ಹಿಂದಿನ ಸಾಯಂಕಾಲ ನನಗೆ ರೇಗಿತು. ಬಾಯಿ ನನಗೆ ಮೊದಲಿಂದಲೂ ಜೋರು. ಪುಸ್ತಕದ ತಮಿಳನ್ನೇ ಎತ್ತಿ, "ಅತ್ತೆ, ನಿಮ್ಮ ಮ್ಯಾಲೆ ನಂಬಿಕ್ಕೈ ಇಲ್ಲಾ ತೀರ್ಮಾನಂ ತಂದಿವ್ನಿ!" ಅಂದೆ. ಅವಿಶ್ವಾಸ ನಿರ್ಣಯಕ್ಕೆ ಪುಸ್ತಕದಲ್ಲಿದ್ದ ಹೆಸರು ಅದು. ಅರ್ಧ ಕೋಪ, ಅರ್ಧ ತಮಾಷೆ.

ಅತ್ತೆ ಮೊರ ಅಲ್ಲೇ ಬಿಟ್ಟು ಎದ್ದು ಒಳಗೆ ಹೋದರು.

ಬೆಳಿಗ್ಗೆ ನೋಡಿದರೆ ನನ್ನ ತಗಡಿನ ಪೆಟ್ಟಿಗೆ ನಡುಮನೆಯಲ್ಲಿತ್ತು. ನನ್ನ ಸೀರೆಗಳನ್ನೆಲ್ಲ ಮಡಿಸಿ ಒಳಗಿಟ್ಟಿದ್ದರು. ಅತ್ತೆ ಮಾವನಿಗೆ ಹೇಳುತ್ತಿದ್ದರು: "ಅವಳಪ್ಪನ್ಗೆ ಏಳಿ ಕಳ್ಸಿ. ಅವಳು ತೀರ್ಮಾನ ಮಾಡ್ಬುಟ್ಳು, ನನ್ ಮ್ಯಾಲೆ ನಂಬ್ಕೆ ಇಲ್ವಂತೆ."

ಆಗ ನನಗೆ ಹೊಳೆಯಿತು. ತಮಿಳು ಪುಸ್ತಕದಲ್ಲಿ ತೀರ್ಮಾನ ಎಂದರೆ ಸಭೆಯ ಮುಂದೆ ಇಡುವ ಮಾತು. ನಮ್ಮೂರ ಕನ್ನಡದಲ್ಲಿ ತೀರ್ಮಾನ ಎಂದರೆ ಹಿರಿಯರು ಕೂತು ಎಲ್ಲ ಮಾತೂ ಮುಗಿಸಿ ಎದ್ದದ್ದು. ಗಂಡನ ಮನೆ ಬಿಟ್ಟವಳ ವಿಷಯಕ್ಕೇ ಜನ ಆ ಪದ ಆಡುತ್ತಿದ್ದರು. ನಗು ಬಂತು. ಆದರೆ ಅತ್ತೆಯ ಕಣ್ಣು ಕೆಂಪಾಗಿದ್ದನ್ನು ನೋಡಿ ಅದನ್ನು ನುಂಗಿಕೊಂಡೆ.

"ಅತ್ತೆ, ಅದು ಮುಗಿದ ಮಾತಲ್ಲ, ಶುರು ಮಾಡೋ ಮಾತು" ಅಂದೆ. "ತಂದವರು ಯಾಕೆ ಅಂತ ಹೇಳ್ಬೇಕು. ಯಾರ ಮ್ಯಾಲೆ ತಂದ್ರೋ ಅವರು ಎಲ್ಲರ ಮುಂದೆ ಉತ್ತರ ಕೊಡ್ಬೇಕು. ಆಮೇಲೆ ಓಟು. ಮಂತ್ರಿಗಳೆಲ್ಲ ಸಭೆಗೆ ಉತ್ತರ ಕೊಡೋಕೆ ಇರೋರು, ಅದೇ ನಾನು ನಿಮಗೆ ಓದಿದ್ದು."

"ಅಂಗಾರೆ ನಾನು ಉತ್ರ ಏಳ್ಬೇಕಾ?"

"ಹೂಂ."

ಅತ್ತೆ ಪೆಟ್ಟಿಗೆಯ ಮೇಲೆ ಕೂತರು.

"ಆಳಿನ ಅಡಿಗೆ ಸುಳ್ಳು" ಅಂದರು. "ಈ ಮನೇಲಿ ನಾ ಕನ್ನಡದಾಗೆ ಕೇಳಿದ್ರೆ ಮೊಮ್ಮಕ್ಳು ತಮಿಳಾಗೆ ಏಳ್ತವೆ. ದೊಡ್ಡ ಸೊಸೆನೂ ಅಂಗೇ, ಮಕ್ಳೂ ಅಂಗೇ ಆಗ್ಬುಟ್ರು. ಕೇಳಿದ್ಕೆ ಕನ್ನಡದಾಗೆ ಉತ್ರ ಕೊಡೋಳು ನೀನೊಬ್ಳೇ. ನೀ ಪಾಸಾಗಿ ಕೆಲ್ಸ ಅಂತ ಸೇಲತ್ಗೆ ಓಗ್ಬುಟ್ರೆ ನಾ ಯಾರ್ ಕೂಡ ಮಾತಾಡ್ಲಿ?"

ಇಷ್ಟು ತಿಂಗಳೂ ನಾನು ಅತ್ತೆಗೆ ಪಾಠ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಅವರಿಗೆ ಸರ್ಕಾರ ಬಿದ್ದರೇನು, ನಿಂತರೇನು! ಮಾತು ಬೇಕಿತ್ತು, ಅಷ್ಟೇ. ನನಗೆ ತುಂಬ ನಾಚಿಕೆಯಾಯಿತು.

"ಈಗ ಕೈ ಎಣಿಸ್ತಾರಲ್ವಾ?" ಎಂದು ಅತ್ತೆ ಕೇಳಿದರು. ಬೇಡ ಬಿಡಿ ಅಂದೆ, ಕೇಳಲಿಲ್ಲ. ಎಣಿಸುವ ಕೆಲಸ ಮಾವನಿಗೆ ಬಂತು. "ನಂಬ್ಕೆ ಇಲ್ಲ ಅನ್ನೋರು ಕೈ ಎತ್ರಪ್ಪ" ಅಂದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಗಂಡ ಗೋಡೆ ನೋಡುತ್ತಿದ್ದರು. ತೀರ್ಮಾನ ತಂದವಳು ನಾನೇ, ನನ್ನ ಕೈಯೂ ಮೇಲೇಳಲಿಲ್ಲ.

ಎದ್ದದ್ದು ಒಂದೇ ಕೈ, ಅತ್ತೆಯದು.

"ನನ್ ಮ್ಯಾಲೆ ನಂಗೇ ನಂಬ್ಕೆ ಇಲ್ಲ ಕಣಮ್ಮ" ಅಂದರು. "ಇನ್ನೊಂದ್ ಗಳ್ಗೆ ನೀ ಇಲ್ಲೇ ನಿಂತ್ರೆ ಮತ್ತೆ ಬ್ಯಾಡ ಅಂದ್ಬುಡ್ತೀನಿ. ಓಗು, ಬಸ್ಸು ಬರೋ ಒತ್ತಾತು."